ಓಡು, ಓಡಿಸು, ಹರಿ, ಹರಿಸು: ‘ರನ್’ ಎಂಬ ಪುಟ್ಟ ಕ್ರಿಯಾಪದ

ಕೇಳುಗರೆಲ್ಲರಿಗೂ ನಮಸ್ಕಾರ.

ಇಂಗ್ಲಿಷ್ ಕಲಿಯುವವರನ್ನು ಉದ್ದುದ್ದ ಪದಗಳು ಅಷ್ಟಾಗಿ ಕಾಡುವುದಿಲ್ಲ. ‘ಫೋಟೋಸಿಂಥೆಸಿಸ್’ ಎಲ್ಲಿ ಬಂದರೂ ಅದರ ಅರ್ಥ ಒಂದೇ. ಒಮ್ಮೆ ಕಲಿತರೆ ಮುಗಿಯಿತು. ಕಾಡುವುದು ಮೂರಕ್ಷರದ ಪದಗಳು: ಗೆಟ್, ಪುಟ್, ಸೆಟ್, ರನ್. ಇವತ್ತು ಇವುಗಳಲ್ಲಿ ‘ರನ್’ ಒಂದನ್ನೇ ಹಿಡಿದು ಮಾತಾಡುತ್ತೇನೆ.

‘ರನ್ ಅಂದರೆ ಓಡು’ ಎಂದು ಚಿಕ್ಕ ಮಕ್ಕಳು ಬಾಯಿಪಾಠ ಮಾಡುತ್ತಾರೆ. ತಪ್ಪಲ್ಲ, ಆದರೆ ಅದು ಬಾಗಿಲು ಮಾತ್ರ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ ಬಂದಾಗ ಅದರಲ್ಲಿ ಅತಿ ಹೆಚ್ಚು ಜಾಗ ಹಿಡಿದದ್ದು ‘ಸೆಟ್’. ಅದೊಂದರ ವಿವರಣೆಗೇ ಸುಮಾರು 60,000 ಪದಗಳು ಬೇಕಾದವು. ಮುಂದೆ ನಿಘಂಟನ್ನು ಪರಿಷ್ಕರಿಸುವಾಗ ‘ರನ್’ ಅದನ್ನೂ ಹಿಂದೆ ಹಾಕಿತು. ಪೀಟರ್ ಗಿಲಿವರ್ ಎಂಬ ಸಂಪಾದಕರು ಒಂಬತ್ತು ತಿಂಗಳು ಆ ಪದದ ಹಿಂದೆ ಬಿದ್ದು, ಕ್ರಿಯಾಪದವಾಗಿಯೇ ಅದಕ್ಕಿರುವ 645 ಅರ್ಥಗಳನ್ನು ಬಿಡಿಸಿಟ್ಟರು.

ಇಷ್ಟನ್ನು ಯಾರೂ ಉರು ಹೊಡೆಯಬೇಕಾಗಿಲ್ಲ. ಎರಡು ಎಳೆ ಕೈಗೆ ಸಿಕ್ಕರೆ ಬಹುಪಾಲು ಅರ್ಥಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ ಎಂಬುದು ನನ್ನ ನಂಬಿಕೆ.

ಮೊದಲ ಎಳೆ ನೀರಿನದು. ಸಾವಿರ ವರ್ಷ ಹಿಂದಿನ ಇಂಗ್ಲಿಷಿನಲ್ಲಿ ಮನುಷ್ಯ ಓಡುವುದಕ್ಕೂ ನೀರು ಹರಿಯುವುದಕ್ಕೂ ಇದೇ ಪದ ನಡೆಯುತ್ತಿತ್ತು. ಇಂಗ್ಲಿಷಿನ ದಾಯಾದಿ ಭಾಷೆ ಜರ್ಮನ್‌ನಲ್ಲಿ ಇವತ್ತಿಗೂ ‘ರಿನ್ನೆನ್’ ಅಂದರೆ ಹರಿ, ‘ರೆನ್ನೆನ್’ ಅಂದರೆ ಓಡು. ಹಾಗಾಗಿ ಇಂಗ್ಲಿಷಿನಲ್ಲಿ ನದಿ ‘ರನ್’ ಆಗುತ್ತದೆ, ಕಣ್ಣೀರು ‘ರನ್’ ಆಗುತ್ತದೆ, ನೆಗಡಿಯಾದರೆ ಮೂಗೂ ‘ರನ್’ ಆಗುತ್ತದೆ. ಹೊಸ ಸೀರೆ ನೆನೆಹಾಕಿದಾಗ ಬಣ್ಣ ಬಿಟ್ಟರೆ ಅದಕ್ಕೂ ಇದೇ ಕ್ರಿಯಾಪದ. ಇವುಗಳನ್ನೆಲ್ಲ ‘ಓಡು’ ಎಂದುಕೊಂಡರೆ ಅರ್ಥ ಕೂರುವುದಿಲ್ಲ. ‘ಹರಿ’ ಎಂದುಕೊಂಡು ನೋಡಿ, ದಾರಿ ತೆರೆಯುತ್ತದೆ.

ನಮ್ಮ ‘ಹರಿ’ಯೂ ನೀರಿಗೇ ನಿಂತ ಪದವಲ್ಲ. ‘ಕಾಲಿನ ಮೇಲೆ ಲಾರಿ ಹರಿದು ಗಾಯ’ ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಅದೇ ಇಂಗ್ಲಿಷಿನ ‘ರನ್ ಓವರ್’. ‘ಈ ಅರ್ಜಿಯ ಮೇಲೆ ಸ್ವಲ್ಪ ಕಣ್ಣು ಹರಿಸಿ’ ಎನ್ನುತ್ತೇವೆ. ಇಂಗ್ಲಿಷಿನವರೂ ಪುಟದ ಮೇಲೆ ಕಣ್ಣನ್ನು ‘ರನ್’ ಮಾಡುತ್ತಾರೆ. ಸಂಗೀತ ಆ ಮನೆತನದಲ್ಲಿ ಹರಿದುಬಂದಿದೆ ಎಂದು ನಾವು ಹೇಳುವಲ್ಲಿ ಅವರು ‘ರನ್ಸ್ ಇನ್ ದ ಫ್ಯಾಮಿಲಿ’ ಎನ್ನುತ್ತಾರೆ. ಕನ್ನಡದ ಮಕ್ಕಳಿಗೆ ‘ರನ್’ ಪದವನ್ನು ‘ಹರಿ’ಯ ಕಡೆಯಿಂದಲೂ ಪರಿಚಯಿಸಬೇಕು. ಬರೀ ‘ಓಡು’ ಎಂದು ಕಲಿಸಿ ಅವರ ದಾರಿಯನ್ನು ನಾವೇ ಕಿರಿದು ಮಾಡುತ್ತಿದ್ದೇವೆ.

ಎರಡನೇ ಎಳೆ ಇನ್ನೂ ಮುಖ್ಯವಾದದ್ದು. ಕನ್ನಡದಲ್ಲಿ ಓಡು, ಓಡಿಸು, ನಡೆ, ನಡೆಸು, ಹರಿ, ಹರಿಸು. ತಾನೇ ಮಾಡುವುದಕ್ಕೂ ಇನ್ನೊಂದರಿಂದ ಮಾಡಿಸುವುದಕ್ಕೂ ಇರುವ ವ್ಯತ್ಯಾಸವನ್ನು ‘ಇಸು’ ಎಂಬ ಪ್ರತ್ಯಯ ತೋರಿಸಿಕೊಡುತ್ತದೆ. ಇಂಗ್ಲಿಷಿಗೂ ಹಿಂದೆ ಇಂಥ ಏರ್ಪಾಡಿತ್ತು. ಅದರ ಗುರುತು ಈಗ ಕೆಲವೇ ಜೋಡಿಗಳಲ್ಲಿ ಉಳಿದಿದೆ: ‘ಸಿಟ್’ ಅಂದರೆ ಕೂರು, ‘ಸೆಟ್’ ಮೂಲದಲ್ಲಿ ಕೂರಿಸು, ‘ಫಾಲ್’ ಅಂದರೆ ಬೀಳು, ಮರವನ್ನು ಕಡಿದು ಬೀಳಿಸುವುದಕ್ಕೆ ‘ಫೆಲ್’. ‘ಲೈ’ ಮತ್ತು ‘ಲೇ’ ಕೂಡ ಇಂಥದೇ ಜೋಡಿ. ಎಷ್ಟೋ ಇಂಗ್ಲಿಷ್ ಮಾತೃಭಾಷಿಕರೇ ಅವೆರಡನ್ನು ಅದಲುಬದಲು ಮಾಡುತ್ತಾರೆ. ‘ರನ್’ ಪದದಲ್ಲಿ ಈ ಭೇದ ಪೂರ್ತಿ ಅಳಿಸಿಹೋಗಿದೆ. ‘ದ ಮಿಲ್ ರನ್ಸ್’ ಅಂದರೆ ಗಿರಣಿ ಓಡುತ್ತದೆ. ‘ಹೀ ರನ್ಸ್ ದ ಮಿಲ್’ ಅಂದರೆ ಅವನು ಗಿರಣಿ ನಡೆಸುತ್ತಾನೆ. ಪದ ಒಂದೇ, ರೂಪ ಒಂದೇ. ಮುಂದೆ ಕರ್ಮಪದ ಇದೆಯೋ ಇಲ್ಲವೋ ಎಂಬುದರಿಂದಲೇ ಅರ್ಥ ತಿಳಿಯಬೇಕು.

ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ತನ್ನ ಮನೆಯವರ ಬಗ್ಗೆ ಬರೆಯುತ್ತ, ‘ಮೈ ಮದರ್ ವಾಕ್ಸ್ ಎ ಟೈಲರಿಂಗ್ ಶಾಪ್’ ಎಂದು ಬರೆದಿದ್ದಳು. ಅಕ್ಷರ ದುಂಡಗಿತ್ತು, ಕಾಗುಣಿತ ಸರಿಯಾಗಿತ್ತು. ಪಕ್ಕದ ಬೆಂಚಿನವರು ನಕ್ಕರು, ಅವಳ ಮುಖ ಸಣ್ಣದಾಯಿತು. ನನಗೆ ಮಾತ್ರ ಆ ವಾಕ್ಯದ ಮೇಲೆ ಗೌರವ ಹುಟ್ಟಿತು. ಅಮ್ಮ ಅಂಗಡಿ ನಡೆಸುತ್ತಾರೆ; ನಡೆಯುವುದಕ್ಕೆ ಇಂಗ್ಲಿಷಿನಲ್ಲಿ ‘ವಾಕ್’. ಅವಳ ತರ್ಕದಲ್ಲಿ ಕುಂದಿರಲಿಲ್ಲ. ಕನ್ನಡದವರು ಅಂಗಡಿ, ಸಂಸಾರ, ಸಂಘ, ಶಾಲೆ ಎಲ್ಲವನ್ನೂ ನಡೆಸುತ್ತಾರೆ, ಇಂಗ್ಲಿಷಿನವರು ಓಡಿಸುತ್ತಾರೆ ಎಂದು ಬೋರ್ಡಿನ ಮೇಲೆ ಬರೆದೆ. ಆಮೇಲೆ ಇಡೀ ತರಗತಿ ಆ ವಾಕ್ಯದ ಮೇಲೇ ಮಾತಾಡಿತು.

ಯಂತ್ರಗಳ ಕಾಲ ಬಂದ ಮೇಲೆ ಈ ಪದದ ವ್ಯಾಪ್ತಿ ಇನ್ನಷ್ಟು ಹಿಗ್ಗಿತು. ರೈಲು, ಕಾರ್ಖಾನೆ, ಎಂಜಿನ್, ಈಗ ಕಂಪ್ಯೂಟರಿನ ಪ್ರೋಗ್ರಾಂ, ಎಲ್ಲವೂ ‘ರನ್’ ಆಗುತ್ತವೆ. ಇಲ್ಲಿ ಕನ್ನಡವೂ ಜೊತೆಗೇ ಹೆಜ್ಜೆ ಹಾಕುತ್ತದೆ: ಬಸ್ಸು ಓಡುತ್ತದೆ, ಗಡಿಯಾರ ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ, ಪರೀಕ್ಷೆಯಲ್ಲಿ ತಲೆ ಓಡುವುದಿಲ್ಲ. ಚುನಾವಣೆಯ ವಿಷಯ ಬಂದಾಗ ಮಾತ್ರ ದಾರಿ ಬೇರೆಯಾಗುತ್ತದೆ. ಅಮೆರಿಕದಲ್ಲಿ ಅಭ್ಯರ್ಥಿ ಓಡುತ್ತಾನೆ. ಬ್ರಿಟನ್ನಿನಲ್ಲಿ, ನಮ್ಮಂತೆಯೇ, ಚುನಾವಣೆಗೆ ನಿಲ್ಲುತ್ತಾನೆ.

ಇನ್ನು ಸಮಾನಾರ್ಥಕ ಪದಗಳು. ಗೈಡುಗಳಲ್ಲಿ ‘ರನ್’ ಎದುರಿಗೆ ಸ್ಪ್ರಿಂಟ್, ಜಾಗ್, ಡ್ಯಾಶ್, ಬೋಲ್ಟ್, ಫ್ಲೀ ಎಂದು ಒಂದೇ ಸಾಲಿನಲ್ಲಿ ಅಚ್ಚಾಗಿರುತ್ತದೆ. ಇವು ಒಂದರ ಜಾಗದಲ್ಲಿ ಒಂದು ಕೂರುವ ಪದಗಳಲ್ಲ. ‘ಜಾಗ್’ ಬೆಳಗಿನ ಹೊತ್ತು ಆರೋಗ್ಯಕ್ಕಾಗಿ ಹದವಾಗಿ ಓಡುವುದು. ‘ಸ್ಪ್ರಿಂಟ್’ ನೂರು ಮೀಟರ್ ಓಟಗಾರ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಓಡುವುದು. ‘ಡ್ಯಾಶ್’ನಲ್ಲಿ ದೂರ ಕಡಿಮೆ, ಅವಸರ ಜಾಸ್ತಿ, ಮಳೆ ಹನಿ ಬಿದ್ದೊಡನೆ ಒಣಗಲು ಹಾಕಿದ ಹಪ್ಪಳದ ಕಡೆಗೆ ಓಡುವಂಥದು. ಬೆದರಿದ ಕುದುರೆ ಥಟ್ಟನೆ ಕಿತ್ತು ಓಡಿದರೆ ‘ಬೋಲ್ಟ್’. ‘ಫ್ಲೀ’ಯಲ್ಲಿ ಪ್ರಾಣಭಯವಿದೆ, ಯುದ್ಧ ನಡೆಯುವ ಊರಿನ ಜನ ಗಾಡಿ ಹತ್ತಿ ಹೊರಟರೂ ಅದು ‘ಫ್ಲೀ’, ಕಾಲಿನಲ್ಲಿ ಓಡಬೇಕೆಂದೇ ಇಲ್ಲ. ಅಂಗಡಿಯ ಮಾತಿಗೆ ಬಂದರೆ ಇವು ಯಾವುವೂ ಹೊಂದುವುದಿಲ್ಲ, ಅಲ್ಲಿ ಬೇಕಾದದ್ದು ‘ಮ್ಯಾನೇಜ್’. ನೀರಿನ ಮಾತಾದರೆ ‘ಫ್ಲೋ’.

ಪಕ್ಕಕ್ಕೆ ಬರುವ ಚಿಕ್ಕ ಪದಗಳೂ ಅರ್ಥವನ್ನು ಎತ್ತೆತ್ತಲೋ ಒಯ್ಯುತ್ತವೆ. ‘ರನ್ ಇಂಟು’ ಅಂದರೆ ಸಂತೆಯಲ್ಲಿ ಹಳೆಯ ಸ್ನೇಹಿತ ಅಚಾನಕ್ಕಾಗಿ ಎದುರಾಗುವುದು, ಗಾಡಿ ಹೋಗಿ ಗೋಡೆಗೆ ಗುದ್ದುವುದೂ ಹೌದು. ‘ರನ್ ಔಟ್’ ಎಂದರೆ ನಮಗೆ ತಟ್ಟನೆ ನೆನಪಾಗುವುದು ಕ್ರಿಕೆಟ್. ಆದರೆ ‘ವಿ ಹ್ಯಾವ್ ರನ್ ಔಟ್ ಆಫ್ ಸಾಲ್ಟ್’ ಅಂದರೆ ಅಡುಗೆಮನೆಯಲ್ಲಿ ಉಪ್ಪು ಮುಗಿದಿದೆ.

ಪರೀಕ್ಷೆಗಳಲ್ಲಿ ಇವತ್ತಿಗೂ ‘ರನ್ ಪದದ ಸಮಾನಾರ್ಥಕ ಬರೆಯಿರಿ, ಒಂದು ಅಂಕ’ ಎಂಬ ಪ್ರಶ್ನೆ ಬರುತ್ತದೆ. ಮಗು ಏನು ಬರೆಯಬೇಕು? ‘ಫ್ಲೋ’ ಎಂದು ಬರೆದ ಮಗುವಿಗೆ ಅಂಕ ಸಿಗುತ್ತದೆಯೇ? ಪ್ರಶ್ನೆಪತ್ರಿಕೆ ತಯಾರಿಸುವ ಗುರುಗಳಲ್ಲಿ ನನ್ನದೊಂದು ವಿನಂತಿ: ಪದವನ್ನು ಒಂಟಿಯಾಗಿ ಕೊಡಬೇಡಿ, ಒಂದು ಪೂರ್ತಿ ವಾಕ್ಯದೊಳಗೆ ಇಟ್ಟು ಕೊಡಿ. ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುವ ತಂದೆತಾಯಂದಿರೂ ನಿಘಂಟಿನಲ್ಲಿ ಅರ್ಥ ನೋಡಿ ಮುಚ್ಚಿಡದೆ, ಅದರ ಕೆಳಗೆ ಕೊಟ್ಟಿರುವ ಉದಾಹರಣೆ ವಾಕ್ಯಗಳನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿ.

ನಮಸ್ಕಾರ.