ಒಣ ಹೂಗಳಿಂದ ಮನೆಯ ಅಲಂಕಾರ: ಬಣ್ಣ ಉಳಿಸಿಕೊಳ್ಳುವ ಬಗೆ

(ದೃಶ್ಯ: ಮಣ್ಣಿನ ಹೂಜಿಯಲ್ಲಿ ಜೋಡಿಸಿದ ಒಣ ಹೂಗಳು)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನದ ಜೊತೆಗೆ ನಡೆಯುವ ಸ್ಪರ್ಧೆಗಳಲ್ಲಿ ಇಕೆಬಾನಾ (ಜಪಾನಿನ ಹೂ ಜೋಡಣೆಯ ಕಲೆ), ತರಕಾರಿ ಕೆತ್ತನೆಗಳಂತೆಯೇ ಒಣ ಹೂಗಳ ಜೋಡಣೆಯೂ ಇರುತ್ತದೆ. ಅದನ್ನು ಮೆಚ್ಚಿ ಮನೆಯಲ್ಲಿ ಪ್ರಯತ್ನಿಸುವವರ ಹೂಗಳು ಕೆಲವೇ ದಿನಗಳಲ್ಲಿ ಕಂದು ಬಣ್ಣಕ್ಕೆ ತಿರುಗುವುದುಂಟು. ಹೂವಿನ ಆಯ್ಕೆ ಮತ್ತು ಒಣಗಿಸುವ ಕ್ರಮ ಸರಿಯಾಗಿದ್ದರೆ ಈ ನಿರಾಸೆಯನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಮಲ್ಲಿಗೆ, ದಾಸವಾಳ, ಕನಕಾಂಬರಗಳ ದಳಗಳು ತೆಳುವಾಗಿದ್ದು ನೀರಿನಿಂದ ತುಂಬಿರುವುದರಿಂದ ಗಾಳಿಯಲ್ಲಿ ಒಣಗಿಸಿದಾಗ ಮುದುಡಿ ಕಪ್ಪಾಗುತ್ತವೆ. ಗುಂಡನೆಯ ಗೊಂಫ್ರಿನಾ, ಕೋಳಿಜುಟ್ಟಿನ ಹೂ, ಗೊಂಚಲಾಗಿ ಅರಳುವ ಸ್ಟ್ಯಾಟಿಸ್, ಕಾಗದದಂಥ ದಳಗಳ ಹೆಲಿಕ್ರೈಸಂಗಳಲ್ಲಿ ತೇವಾಂಶವೇ ಕಡಿಮೆ. ಗಿಡದಲ್ಲಿರುವಾಗಲೂ ಅವು ಮುಟ್ಟಿದರೆ ಸರಸರ ಎನ್ನುತ್ತವೆ. ನಮ್ಮ ಬೇಲಿಗಳ ಬೋಗನ್‌ವಿಲ್ಲಾವನ್ನೂ ಮರೆಯಬಾರದು. ಅದರ ಬಣ್ಣದ ಭಾಗ ನಿಜವಾಗಿ ಹೂವಿನ ಸುತ್ತಲಿನ ಎಲೆ, ಆದ್ದರಿಂದಲೇ ಅದು ಸುಲಭವಾಗಿ ಒಣಗುತ್ತದೆ. ಮೊದಲ ಬಾರಿಗೆ ಮಾಡುವವರು ಇವುಗಳಿಂದಲೇ ಆರಂಭಿಸಬೇಕೆಂಬುದು ನನ್ನ ಸಲಹೆ.

(ದೃಶ್ಯ: ಕಟ್ಟುಗಳನ್ನು ತಲೆಕೆಳಗಾಗಿ ತೂಗುಹಾಕುವುದು)

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಹೂ ಪೂರ್ತಿ ಅರಳುವುದಕ್ಕೆ ಸ್ವಲ್ಪ ಮುಂಚೆ ಕೊಯ್ಯಬೇಕು. ಹೆಲಿಕ್ರೈಸಂ ಕೊಯ್ದ ಮೇಲೂ ಅರಳುತ್ತಲೇ ಇರುವುದರಿಂದ ಹೊರಗಿನ ಎರಡು ಮೂರು ಸುತ್ತಿನ ದಳಗಳು ಬಿಚ್ಚಿದಾಗಲೇ ಕೊಯ್ಯುವುದು ಲೇಸು. ಕೆಳಗಿನ ಎಲೆಗಳನ್ನು ತೆಗೆದು, ಎಂಟು ಹತ್ತು ಕಡ್ಡಿಗಳನ್ನು ಸೇರಿಸಿ ರಬ್ಬರ್ ಬ್ಯಾಂಡಿನಿಂದ ಕಟ್ಟಿರಿ; ಒಣಗುತ್ತಾ ಕಡ್ಡಿಗಳು ಸಣ್ಣಗಾಗುತ್ತವೆ, ದಾರ ಸಡಿಲವಾಗಿ ಹೂ ಜಾರಿ ಬೀಳುತ್ತದೆ, ರಬ್ಬರ್ ಮಾತ್ರ ಹಿಡಿತ ಬಿಡುವುದಿಲ್ಲ. ತಲೆಕೆಳಗಾಗಿ ತೂಗುಹಾಕುವುದರಿಂದ ಹೂವಿನ ಭಾರಕ್ಕೆ ಕತ್ತು ಬಾಗದೆ ಕಡ್ಡಿ ನೇರವಾಗಿ ಗಟ್ಟಿಯಾಗುತ್ತದೆ. ಜಾಗ ಕತ್ತಲಾಗಿರಬೇಕು, ಗಾಳಿಯಾಡುತ್ತಿರಬೇಕು. ಬೇಗ ಒಣಗಲೆಂದು ಬಿಸಿಲಿಗೆ ಹಾಕಿದರೆ ಬೆಳಕು ಬಣ್ಣವನ್ನೇ ಕೆಡಿಸುತ್ತದೆ. ಸಾಮಾನ್ಯವಾಗಿ 2ರಿಂದ 3 ವಾರ ಸಾಕು. ಕಡ್ಡಿ ಬಾಗಿಸಿದಾಗ ಪಟ್ಟನೆ ಮುರಿದರೆ ಒಣಗಿದೆಯೆಂದು ತಿಳಿಯಬಹುದು. ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಿದರೆ ಹೂ ಒಣಗುವ ಮೊದಲೇ ಬೂಸ್ಟು ಹಿಡಿಯುವುದರಿಂದ ಬೇಸಿಗೆಯವರೆಗೆ ಕಾಯುವುದು ಒಳ್ಳೆಯದು.

(ದೃಶ್ಯ: ಡಬ್ಬಿಯಲ್ಲಿ ಸಿಲಿಕಾ ಜೆಲ್)

ಗುಲಾಬಿಯ ಆಕಾರ ಕೆಡದಂತೆ ಉಳಿಯಬೇಕಾದರೆ ತೇವ ಹೀರುವ ಹರಳುಗಳಾದ ಸಿಲಿಕಾ ಜೆಲ್ ಬೇಕು. ಗಾಳಿಯಾಡದ ಡಬ್ಬಿಯ ತಳದಲ್ಲಿ ಒಂದು ಪದರ ಹರಡಿ, ಹೂವನ್ನು ಮುಖ ಮೇಲೆ ಮಾಡಿ ಇಟ್ಟು, ದಳಗಳ ನಡುವೆಯೂ ಇಳಿಯುವಂತೆ ಹರಳುಗಳನ್ನು ನಿಧಾನವಾಗಿ ಸುರಿದು ಮುಚ್ಚಿರಿ. ಸುಮಾರು ಒಂದು ವಾರದಲ್ಲಿ ಹೂ ಒಣಗುತ್ತದೆ. ತೇವ ಹೀರಿದಾಗ ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ನೀಲಿಗೆ ಕಾರಣವಾದ ಕೋಬಾಲ್ಟ್ ಕ್ಲೋರೈಡ್ ವಿಷಕಾರಿಯಾದ್ದರಿಂದ ಕೋಬಾಲ್ಟ್ ಇಲ್ಲದ ಹರಳನ್ನು ಕೇಳಿ ಕೊಳ್ಳಿರಿ, ಅಡುಗೆಯ ಪಾತ್ರೆಗಳನ್ನು ಇದಕ್ಕೆ ಬಳಸಬೇಡಿರಿ, ಸುರಿಯುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿರಿ. ಕೆಂಪು ಗುಲಾಬಿ ಹೇಗೆ ಒಣಗಿಸಿದರೂ ಕಪ್ಪುಗೆಂಪಾಗುತ್ತದೆ; ಉಜ್ವಲವಾದ ಕೆಂಪು ಬೇಕೆನ್ನುವವರಿಗೆ ಕೋಳಿಜುಟ್ಟೇ ಸರಿ.

ಜೋಡಿಸುವಾಗ ನೀರಿನ ಹಂಗಿಲ್ಲದಿರುವುದು ದೊಡ್ಡ ಅನುಕೂಲ. ಬಿರುಕು ಬಿಟ್ಟ ಮಣ್ಣಿನ ಕುಡಿಕೆ, ಬಿದಿರಿನ ಬುಟ್ಟಿ, ಹಳೆಯ ಹಿತ್ತಾಳೆಯ ಚೊಂಬು ಎಲ್ಲವೂ ಆಗುತ್ತವೆ. ಒಣಗಿದ ಹೂ ಕುಗ್ಗುವುದರಿಂದ ಹಸಿ ಹೂವಿಗಿಂತ ಹೆಚ್ಚು ಬೇಕು. ತಾವರೆಯ ಒಣ ಕಾಯಿ ಮತ್ತು ಹುಲ್ಲಿನ ತೆನೆಗಳು ಖಾಲಿ ಜಾಗವನ್ನು ಚೆನ್ನಾಗಿ ತುಂಬುತ್ತವೆ. ಗೊಂಫ್ರಿನಾ ಹೂಗಳನ್ನು ದಾರಕ್ಕೆ ಪೋಣಿಸಿದರೆ ತಿಂಗಳುಗಟ್ಟಲೆ ಬಾಳುವ ತೋರಣವಾಗುತ್ತದೆ, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇದೇ.

ಕಿಟಕಿಯ ನೇರ ಬಿಸಿಲು, ಸ್ನಾನದ ಮನೆಯ ತೇವ, ಅಡುಗೆಮನೆಯ ಎಣ್ಣೆಹೊಗೆಗಳಿಂದ ಜೋಡಣೆಯನ್ನು ದೂರವಿಡಬೇಕು. ಒಣ ಹೂ ಬೇಗ ಹೊತ್ತಿಕೊಳ್ಳುತ್ತದೆ, ಆದ್ದರಿಂದ ದೀಪ, ಊದುಬತ್ತಿಗಳ ಹತ್ತಿರ ಇಡಲೇಬಾರದು. ಧೂಳನ್ನು ಮೃದುವಾದ ಬ್ರಷ್‌ನಿಂದ ತೆಗೆದರೆ ಸಾಕು. ಸಣ್ಣ ಹುಳು ಅಥವಾ ಬೂಸ್ಟು ಕಂಡ ಕಡ್ಡಿಯನ್ನು ಕೂಡಲೇ ಬೇರ್ಪಡಿಸಿ ಹೊರಹಾಕಿರಿ, ಉಳಿದವುಗಳನ್ನು ಒಂದೆರಡು ದಿನ ಗಾಳಿಗೆ ಬಿಟ್ಟು ಮತ್ತೆ ಜೋಡಿಸಿರಿ.