ರಿಕ್‌ವುಡ್ ಮೈದಾನದ ಎರಡು ತಂಡಗಳು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಕಲ್ಲಿದ್ದಲು, ಕಬ್ಬಿಣಗಳಿಂದ ಬೆಳೆದ ಊರು. ಅಲ್ಲಿನ ಕಬ್ಬಿಣದ ಉದ್ಯಮಿ ರಿಕ್ ವುಡ್‌ವರ್ಡ್ ತನ್ನ ಬೇಸ್‌ಬಾಲ್ ತಂಡ ಬ್ಯಾರನ್ಸ್‌ಗಾಗಿ ಕಟ್ಟಿಸಿದ ಮೈದಾನ ರಿಕ್‌ವುಡ್ ಫೀಲ್ಡ್. ಮೊದಲ ಪಂದ್ಯ ನಡೆದದ್ದು 1910ರ ಆಗಸ್ಟ್ 18ರಂದು. ಬೇಸ್‌ಬಾಲಿನ ಅತ್ಯುನ್ನತ ಹಂತವಾದ ಮೇಜರ್ ಲೀಗಿಗೆ ಏರಬೇಕಾದ ಆಟಗಾರರು ಪಳಗುವುದು ಮೈನರ್ ಲೀಗಿನಲ್ಲಿ. ಬ್ಯಾರನ್ಸ್‌ನಂಥ ಮೈನರ್ ಲೀಗ್ ತಂಡಗಳು ಮರದ ಅಟ್ಟಣೆಗಳಿಗೇ ತೃಪ್ತಿಪಡುತ್ತಿದ್ದ ಕಾಲದಲ್ಲಿ ವುಡ್‌ವರ್ಡ್ ಉಕ್ಕು, ಕಾಂಕ್ರೀಟು ಬಳಸಿದ. ಅಮೆರಿಕದಲ್ಲಿ ಉಳಿದಿರುವ ವೃತ್ತಿಪರ ಬೇಸ್‌ಬಾಲ್ ಮೈದಾನಗಳಲ್ಲಿ ಇದೇ ಅತ್ಯಂತ ಹಳೆಯದು. ಬಾಸ್ಟನ್ನಿನ ಪ್ರಖ್ಯಾತ ಫೆನ್‌ವೇ ಪಾರ್ಕ್ ಕೂಡ ಇದಕ್ಕಿಂತ ಎರಡು ವರ್ಷ ಕಿರಿಯದು.

ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಅದರ ವಯಸ್ಸಲ್ಲ. ಈ ಮೈದಾನಕ್ಕೆ ಎರಡು ತಂಡಗಳಿದ್ದವು. ಬಿಳಿಯರ ಬ್ಯಾರನ್ಸ್ ಪ್ರವಾಸ ಹೋದಾಗ ಕಪ್ಪು ಜನರ ಬ್ಲ್ಯಾಕ್ ಬ್ಯಾರನ್ಸ್ ಇಲ್ಲಿ ಆಡುತ್ತಿತ್ತು. ಅದೇ ಹುಲ್ಲು, ಅದೇ ಬೇಸ್‌ಗಳು. ಜೊತೆಯಲ್ಲಿ ಮಾತ್ರ ಆಡುವಂತಿರಲಿಲ್ಲ. ಕರಿಯರೂ ಬಿಳಿಯರೂ ಕೂಡಿ ಇಸ್ಪೀಟು ಆಡುವುದನ್ನೂ ಅಪರಾಧವೆಂದ ಕಾನೂನು ಆ ನಗರದಲ್ಲಿತ್ತು! ಬ್ಯಾರನ್ಸ್ ಪಂದ್ಯ ನೋಡಲು ಬಂದ ಕಪ್ಪು ಜನರು ಬಲಬದಿಯ ಬೇರೆ ಅಟ್ಟಣೆಯಲ್ಲಿ ಕೂರಬೇಕಿತ್ತು.

ಸ್ಯಾಚೆಲ್ ಪೇಜ್ ಎಂಬ ಅಸಾಧಾರಣ ಪಿಚರ್ 1920ರ ದಶಕದ ಕೊನೆಯಲ್ಲಿ ಬ್ಲ್ಯಾಕ್ ಬ್ಯಾರನ್ಸ್‌ಗಾಗಿ ಚೆಂಡೆಸೆದದ್ದು ಇಲ್ಲೇ. ಉಕ್ಕಿನ ಕಾರ್ಖಾನೆಯ ಕೆಲಸಗಾರನ ಮಗ ವಿಲ್ಲಿ ಮೇಸ್, 1948ರಲ್ಲಿ ಇನ್ನೂ ಪ್ರೌಢಶಾಲೆಯಲ್ಲಿದ್ದಾಗಲೇ, ಹದಿನೇಳರ ಹರೆಯದಲ್ಲಿ ಆ ತಂಡ ಸೇರಿದ. ಮುಂದೆ ಆತ ಬೇಸ್‌ಬಾಲಿನ ಸರ್ವಶ್ರೇಷ್ಠರ ಸಾಲಿನಲ್ಲಿ ನಿಂತ.

1961ರ ಕೊನೆಗೆ ಬ್ಯಾರನ್ಸ್ ಆಡುತ್ತಿದ್ದ ಲೀಗೇ ಮುಚ್ಚಿತು. 1964ರಲ್ಲಿ ಮರಳಿ ಬಂದ ತಂಡದಲ್ಲಿ ಎರಡೂ ಬಣ್ಣದವರಿದ್ದರು. 1987ರ ನಂತರ ಬ್ಯಾರನ್ಸ್ ಹೊಸ ಕ್ರೀಡಾಂಗಣಕ್ಕೆ ಹೋಯಿತು. ಹಳೆಯದನ್ನು ಕೆಡವದೆ ಉಳಿಸಿಕೊಂಡವರು ಊರಿನ ಅಭಿಮಾನಿಗಳು. 1992ರಲ್ಲಿ ಸಂಘ ಕಟ್ಟಿ, ಮೈದಾನದ ದುರಸ್ತಿಗೆ ಹಣ ಕೂಡಿಸಿದ ಅವರಿಗೆ ನಾವೆಲ್ಲ ಋಣಿಗಳು.

2024ರ ಜೂನ್ 20ರಂದು ಇಲ್ಲಿ ಮೇಜರ್ ಲೀಗ್ ಪಂದ್ಯವೇ ನಡೆಯಿತು. ಎರಡು ದಿನ ಮುಂಚೆ, 93ನೆಯ ವಯಸ್ಸಿನಲ್ಲಿ ವಿಲ್ಲಿ ಮೇಸ್ ತೀರಿಕೊಂಡಿದ್ದರು. 1967ರಲ್ಲಿ ಇಲ್ಲಿ ಆಡಿದ್ದ ಕಪ್ಪು ಆಟಗಾರ ರೆಗ್ಗಿ ಜಾಕ್ಸನ್ ಅಂದು ದೂರದರ್ಶನದ ಕ್ಯಾಮೆರಾದ ಮುಂದೆ, ಹೋಟೆಲುಗಳಲ್ಲಿ ತಮಗೆ ಊಟ, ಕೋಣೆ ಕೊಡದೆ ಹೊರಗೆ ಕಳಿಸಿದ್ದನ್ನು ನೆನೆದರು. ಅಂಥ ಅನುಭವ ಯಾರಿಗೂ ಬೇಡ ಎಂದರು. ಸಂಭ್ರಮದ ದಿನವೆಂದು ಅವರು ಆ ಮಾತನ್ನು ನುಂಗಿಕೊಳ್ಳಲಿಲ್ಲ, ಅವರನ್ನು ಯಾರೂ ತಡೆಯಲೂ ಇಲ್ಲ.