ಗಂಟು ಕಟ್ಟದ ಕ್ಯಾನ್ಸರ್

ಕೇಳುಗರೆಲ್ಲರಿಗೂ ನಮಸ್ಕಾರ.

ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ಕೈ ತಾನಾಗಿ ಕುತ್ತಿಗೆಯನ್ನೋ ಕಂಕುಳನ್ನೋ ತಡವುತ್ತದೆ. ಎಲ್ಲಾದರೂ ಗಂಟು ಎದ್ದಿದೆಯೇ ಎಂದು ನೋಡಿಕೊಳ್ಳುತ್ತೇವೆ. ಲಿಂಫೋಮಾ ಎನ್ನುವ ಕ್ಯಾನ್ಸರ್ ಬಹುಪಾಲು ದುಗ್ಧಗ್ರಂಥಿಗಳಲ್ಲೇ ತಲೆದೋರುವುದರಿಂದ ಹಾಗೆ ನೋಡಿಕೊಳ್ಳುವುದು ಸರಿಯೇ. ಆದರೆ ನಾನು ಈ ದಿನ ಹೇಳಹೊರಟಿರುವುದು ಸಾಮಾನ್ಯವಾಗಿ ಗಂಟನ್ನೇ ಕಟ್ಟದ ಒಂದು ಲಿಂಫೋಮಾದ ವಿಷಯ. ಅದು ಬೆಳೆಯುವುದು ರಕ್ತನಾಳಗಳ ಒಳಗೆ, ಅದರಲ್ಲೂ ಕೂದಲೆಳೆಗಿಂತ ಸಪೂರವಾದ ಲೋಮನಾಳಗಳಲ್ಲಿ. ಇಂಟ್ರಾವ್ಯಾಸ್ಕುಲರ್ ಲಾರ್ಜ್ ಬಿ-ಸೆಲ್ ಲಿಂಫೋಮಾ ಎಂದು ಅದರ ಹೆಸರು. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗೂ ಬಾರದಷ್ಟು ಅಪರೂಪ.

ಅಷ್ಟು ಅಪರೂಪದ ರೋಗಕ್ಕೆ ಬಾನುಲಿಯ ಸಮಯವೇಕೆ ಎಂದು ನೀವು ಕೇಳಬಹುದು. ಬಹುಕಾಲ ಈ ರೋಗದ ಹೆಸರು ಎಷ್ಟೋ ಸಲ ಗೊತ್ತಾಗುತ್ತಿದ್ದುದು ಶವಪರೀಕ್ಷೆಯ ಮೇಜಿನ ಮೇಲೆ. ಔಷಧವಿರುವ ರೋಗವೊಂದು ಹೆಸರು ಸಿಗದೆ ಜೀವ ತೆಗೆಯುತ್ತದೆಂದರೆ, ಸೂಕ್ಷ್ಮದರ್ಶಕದ ಮುಂದೆ ದಿನ ಕಳೆಯುವ ನನ್ನಂಥವನಿಗೆ ಅದನ್ನು ಮರೆತು ಕೂರಲು ಆಗುವುದಿಲ್ಲ.

ರೋಗ ಬರುವ ಬಗೆಯನ್ನು ನೋಡಿ. ಮನೆಯ ಹಿರಿಯರಿಗೆ ಜ್ವರ. ವಯಸ್ಸು ಎಪ್ಪತ್ತರ ಆಸುಪಾಸು. ಊಟ ಸೇರುವುದಿಲ್ಲ, ಮೈ ಇಳಿಯುತ್ತದೆ, ರಕ್ತ ಕಡಿಮೆಯಾಗುತ್ತದೆ. ಟೈಫಾಯ್ಡ್ ಅಲ್ಲ, ಮಲೇರಿಯಾ ಅಲ್ಲ, ಕ್ಷಯವೂ ಅಲ್ಲ. ಸ್ಕ್ಯಾನ್ ಮಾಡಿದರೆ ಗಡ್ಡೆಯ ಸುಳಿವಿಲ್ಲ. ಕೆಲವರಿಗೆ ಮಾತು ತೊದಲುತ್ತದೆ, ಮರೆವು ದಿಢೀರನೆ ಕವಿಯುತ್ತದೆ. ಮಿದುಳಿನ ಸಣ್ಣ ನಾಳಗಳು ಕಟ್ಟಿಕೊಂಡದ್ದರಿಂದ ಪಾರ್ಶ್ವವಾಯುವಿನಂತೆಯೇ ಕಾಣುತ್ತದೆ. ಇನ್ನು ಕೆಲವರಿಗೆ ಏದುಸಿರು. ಆಮ್ಲಜನಕ ಇಳಿದಿದ್ದರೂ ಶ್ವಾಸಕೋಶದ ಚಿತ್ರ ಹೆಚ್ಚೇನನ್ನೂ ಹೇಳುವುದಿಲ್ಲ. ವರದಿಗಳ ಕಡತ ದಪ್ಪವಾಗುತ್ತಾ ಹೋಗುತ್ತದೆ. ಅದರಲ್ಲಿ ಒಂದು ಅಂಕಿ ಮಾತ್ರ ವಿಪರೀತ ಏರಿರುತ್ತದೆ: ಎಲ್‌ಡಿಹೆಚ್, ಜೀವಕೋಶಗಳು ನಾಶವಾದಾಗ ರಕ್ತಕ್ಕೆ ಸೇರುವ ಒಂದು ಕಿಣ್ವ. ಬೇರೆ ಎಷ್ಟೋ ರೋಗಗಳಲ್ಲೂ ಅದು ಏರುತ್ತದೆ, ಆದ್ದರಿಂದಲೇ ಕಣ್ತಪ್ಪುತ್ತದೆ.

ಲಿಂಫೋಮಾ ಹುಟ್ಟುವುದು ದುಗ್ಧಕಣ ಎಂಬ ಒಂದು ಬಗೆಯ ಬಿಳಿ ರಕ್ತಕಣದಿಂದ. ಆರೋಗ್ಯವಂತ ದುಗ್ಧಕಣ ನಾಳದ ಗೋಡೆಯನ್ನು ಹಿಡಿದು, ನುಸುಳಿ, ಹೊರಗಿನ ಅಂಗಾಂಶಕ್ಕೆ ದಾಟಬಲ್ಲದು. ಹಾಗೆ ಹಿಡಿಯಲು ಅದರ ಮೈಮೇಲೆ ಕೆಲವು ಪ್ರೋಟೀನುಗಳಿರುತ್ತವೆ. ಈ ಲಿಂಫೋಮಾದ ಕಣಗಳಲ್ಲಿ ಸಿಡಿ29, ಸಿಡಿ54 ಎಂಬ ಎರಡು ಪ್ರೋಟೀನುಗಳು ಇಲ್ಲದಿರುವುದನ್ನು ಸಂಶೋಧಕರು ಕಂಡಿದ್ದಾರೆ. ದಾಟಲಾರದೆ ಅವು ನಾಳದೊಳಗೇ ಮಂದೆಯಾಗುತ್ತವೆ ಎಂಬುದು ಈಗಿರುವ ವಿವರಣೆ. 1959ರಲ್ಲಿ ಫ್ಲೇಗರ್ ಮತ್ತು ಟಾಪೈನರ್ ಎಂಬಿಬ್ಬರು ಇದನ್ನು ಮೊದಲು ವರ್ಣಿಸಿದಾಗ ರಕ್ತನಾಳದ ಒಳಪದರವೇ ಹುಚ್ಚೆದ್ದು ಬೆಳೆದಿದೆ ಎಂದು ಭಾವಿಸಿದ್ದರು. ಇವು ದುಗ್ಧಕಣಗಳು ಎಂದು ಸಾಬೀತಾದದ್ದು 1980ರ ದಶಕದಲ್ಲಿ, ಪ್ರತಿಕಾಯಗಳಿಂದ ಬಣ್ಣ ಹಚ್ಚುವ ವಿಧಾನ ಬಂದ ಮೇಲೆ.

ಹಾಗಾದರೆ ಗಂಟಿಲ್ಲದ ಕ್ಯಾನ್ಸರನ್ನು ಹುಡುಕುವುದೆಲ್ಲಿ? ಚರ್ಮದಲ್ಲಿ. ಕಲೆಯಿಲ್ಲದ, ನೋವಿಲ್ಲದ, ನೋಡಲು ಪೂರ್ತಿ ಚೆನ್ನಾಗಿರುವ ಚರ್ಮದಲ್ಲಿ! ಜಪಾನಿನ ವೈದ್ಯರು ಈ ಪರೀಕ್ಷೆಯನ್ನು ಬಹಳ ಬಳಸಿದ್ದಾರೆ. ತೊಡೆ, ಹೊಟ್ಟೆ, ತೋಳು ಹೀಗೆ ಎರಡು ಮೂರು ಕಡೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಕೆಳಗಿನ ಕೊಬ್ಬು ಬರುವಷ್ಟು ಆಳಕ್ಕೆ ಸಣ್ಣ ತುಂಡು ತೆಗೆಯುತ್ತಾರೆ. ಆಳ ಮುಖ್ಯ, ಮೇಲುಮೇಲೆ ಕೆರೆದು ತೆಗೆದರೆ ಪ್ರಯೋಜನವಿಲ್ಲ. ವಯಸ್ಸಾದವರ ಮೈಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳಿರುತ್ತವಲ್ಲ, ಯಾರೂ ಲೆಕ್ಕಕ್ಕಿಡದವು, ಅವು ಸಣ್ಣ ರಕ್ತನಾಳಗಳ ಗೊಂಚಲುಗಳು. ಈ ಕಣಗಳು ಅಲ್ಲಿಯೂ ಅಡಗಿರುತ್ತವೆ.

ಆ ತುಂಡು ಗಾಜಿನ ಪಟ್ಟಿಯ ಮೇಲೆ ಬಂದಾಗ ಮೊದಲು ಕಾಣುವುದು ಕೊಬ್ಬಿನ ಕೋಶಗಳು, ಜೇನುಹಟ್ಟಿನ ಖಾಲಿ ಕೋಣೆಗಳ ಹಾಗೆ. ಅವುಗಳ ನಡುವೆ ಒಂದು ಪುಟ್ಟ ನಾಳ. ಅದರಲ್ಲಿ ಕೆಂಪು ರಕ್ತಕಣಗಳು ಇರಬೇಕು. ಅದರ ಬದಲು ದೊಡ್ಡ ದೊಡ್ಡ ಕಣಗಳು ಒತ್ತೊತ್ತಾಗಿ ತುಂಬಿವೆ, ಒಂದೊಂದರ ಕೇಂದ್ರವೂ ಉಬ್ಬಿದೆ. ಈ ಕಣಗಳ ಮೈಮೇಲಿರುವ ಸಿಡಿ20 ಎಂಬ ಪ್ರೋಟೀನನ್ನು ಗುರುತಿಸುವ ಬಣ್ಣ ಹಾಕಿದರೆ ನಾಳದ ಒಳಗೆಲ್ಲ ಕಂದು, ಹೊರಗೆ ಒಂದು ಕಣವೂ ಇಲ್ಲ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಕಾರಣ ತಿಳಿಯದ ಜ್ವರಕ್ಕೆ ಸ್ಟೀರಾಯ್ಡ್ ಕೊಟ್ಟರೆ ಈ ಕಣಗಳು ಕೆಲಕಾಲ ಕರಗಿಹೋಗಬಹುದು. ಜ್ವರ ಬಿಟ್ಟಿತೆಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ, ಆದರೆ ಆಮೇಲೆ ತೆಗೆದ ತುಂಡಿನಲ್ಲಿ ಏನೂ ಸಿಗದೆ ಹೋಗಬಹುದು. ರೋಗಿಯ ಸ್ಥಿತಿ ತಡೆಯುವಂತಿದ್ದರೆ ಬಯಾಪ್ಸಿ ಮೊದಲು, ಸ್ಟೀರಾಯ್ಡ್ ಆಮೇಲೆ. "ಚರ್ಮದ ಬಯಾಪ್ಸಿಯಿಂದ ಏನಾದರೂ ತಿಳಿಯಬಹುದೇ ಡಾಕ್ಟರೇ?" ಎಂದು ನೀವೇ ಕೇಳಿದರೆ ತಪ್ಪೇನಿಲ್ಲ.

ಚಿಕಿತ್ಸೆ ಬಹುತೇಕ ಆರ್-ಚಾಪ್ ಎಂಬ ಔಷಧಗಳ ಜೋಡಣೆ. ಅದರಲ್ಲಿನ ರಿಟಕ್ಸಿಮ್ಯಾಬ್ ಸಿಡಿ20 ಇರುವ ಕಣಗಳನ್ನೇ ಹುಡುಕಿ ಹಿಡಿಯುತ್ತದೆ. 2007ರಿಂದ ಅದರ ದೇಶೀ ರೂಪ ಭಾರತದಲ್ಲೇ ತಯಾರಾಗುತ್ತಿದೆ. ಜಪಾನಿನಲ್ಲಿ, ಮಿದುಳಿಗೆ ರೋಗ ತಗುಲಿದ ಲಕ್ಷಣವಿಲ್ಲದ 38 ಮಂದಿಯನ್ನು ಆರಿಸಿಕೊಂಡು, ಆರ್-ಚಾಪ್ ಜೊತೆಗೆ ಮಿದುಳನ್ನು ಕಾಯುವ ಮೆಥೊಟ್ರೆಕ್ಸೇಟ್ ಕೊಟ್ಟು ನೋಡಿದರು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು: ಎರಡು ವರ್ಷಗಳ ನಂತರ ಬದುಕಿದ್ದವರ ಪ್ರಮಾಣ ನೂರಕ್ಕೆ ಸುಮಾರು 92. ಆ 38 ಮಂದಿಗೂ ರೋಗದ ಹೆಸರು ಉಸಿರಿರುವಾಗಲೇ ಸಿಕ್ಕಿತ್ತು.

ನಮಸ್ಕಾರ.